ತಟ್ಟೆಯಲ್ಲಿ ಸತ್ತ ಕೋಶ, ಡ್ರಿಪ್‌ನಲ್ಲಿ ಇಳಿಯುವ ಮರ

ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುವ ಒಂದು ಕೀಮೋ ಔಷಧಿ ಮರದಿಂದ ಬಂದದ್ದು ಅಂತ. ಅಷ್ಟಕ್ಕೇ ಪತ್ರಗಳ ರಾಶಿ ಬಿತ್ತು. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. 22 ವರ್ಷ ಲ್ಯಾಬಿನಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳನ್ನು ಫ್ಲಾಸ್ಕಿನಲ್ಲಿ ಸಾಕಿ, ಅವುಗಳ ಮೇಲೆ ಗಿಡಗಳ ಸಾರ ಹಾಕಿ, ಏನಾಗುತ್ತದೆ ಅಂತ ನೋಡುತ್ತಾ ಕೂತವಳು. ಯಾವ ಔಷಧಿ, ಎಷ್ಟು ಡೋಸ್ ಎನ್ನುವುದು ನಿಮ್ಮ ಡಾಕ್ಟರ ಮಾತು. ಗಿಡದ ಸಾರ ಏನು ಮಾಡಬಲ್ಲದು, ಏನು ಮಾಡಲಾರದು ಎನ್ನುವುದನ್ನು ಮಾತ್ರ ನನ್ನ ಹತ್ತಿರ ಕೇಳಿ.

ಪ್ರಶ್ನೆ: ನಮಸ್ಕಾರ ಮೇಡಂ. ಅಣ್ಣನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿದೆ, ಕೀಮೋ ಶುರು ಆಗಬೇಕು. ಲಕ್ಷ್ಮಣ ಫಲದ ಎಲೆಯ ಕಷಾಯ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ ಅಂತ ಮೊಬೈಲಿಗೆ ಮೆಸೇಜ್ ಬಂದಿದೆ. ಅಣ್ಣ ಕೀಮೋ ಬೇಡ, ಇದೇ ಸಾಕು ಅಂತ ಹಟ ಹಿಡಿದಿದ್ದಾನೆ.

ಈ 10,000 ಎಲ್ಲಿಂದ ಬಂತು ಅಂತ ನನಗೆ ಗೊತ್ತು. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಈ ಗಿಡದ ಬೀಜದಿಂದ ಐದು ಹೊಸ ಸಂಯುಕ್ತಗಳನ್ನು ಬೇರ್ಪಡಿಸಿದರು. ಅದರಲ್ಲಿ ಒಂದರ ಹೆಸರು ಸಿಸ್-ಅನೊನಾಸಿನ್. ಎಚ್‌ಟಿ-29 ಎಂಬ ಕರುಳಿನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದರಲ್ಲಿ ಅದು ಅಡ್ರಿಯಾಮೈಸಿನ್ ಎಂಬ ಕೀಮೋ ಔಷಧಿಗಿಂತ 10,000 ಪಟ್ಟು ಜೋರಾಗಿತ್ತು. ಸುಳ್ಳಲ್ಲ, ಪ್ರಕಟವಾದ ಸಂಶೋಧನೆ. ಆದರೆ ಅವರು ತೆಗೆದದ್ದು ಬೀಜದಿಂದ, ಮೆಸೇಜಿನಲ್ಲಿ ಅದು ಎಲೆ ಆಯಿತು. ಅವರ ಹತ್ತಿರ ಇದ್ದದ್ದು ಶುದ್ಧ ಮಾಡಿದ ಒಂದೇ ಸಂಯುಕ್ತ, ಮೆಸೇಜಿನಲ್ಲಿ ಕಷಾಯ ಆಯಿತು. ಇನ್ನೂ ಒಂದು ತಮಾಷೆ ಇದೆ. ಅಡ್ರಿಯಾಮೈಸಿನ್ ಅನ್ನು ದೊಡ್ಡ ಕರುಳಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ಕುಂಟ ಎತ್ತಿನ ಜೊತೆ ಪಂದ್ಯ ಕಟ್ಟಿ ಗೆದ್ದ ಹಾಗಾಯಿತು, ಅಲ್ವಾ?

ಎಚ್‌ಟಿ-29 ಕೋಶಗಳು ನನಗೆ ಹಳೆಯ ಪರಿಚಯ. 1964ರಲ್ಲಿ 44 ವರ್ಷದ ಒಬ್ಬ ಹೆಂಗಸಿನ ಗಡ್ಡೆಯಿಂದ ತೆಗೆದವು, ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇವೆ. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಅಂಟಿಕೊಂಡು ಕೂತಿರುತ್ತವೆ. ಔಷಧಿ ನೇರವಾಗಿ ತಲೆ ಮೇಲೆ ಬೀಳುತ್ತದೆ. ನಡುವೆ ಹೊಟ್ಟೆ ಇಲ್ಲ, ಲಿವರ್ ಇಲ್ಲ, ರಕ್ತ ಇಲ್ಲ. ನಿಮ್ಮ ಅಣ್ಣನ ದೇಹದಲ್ಲಿ ಇವೆಲ್ಲ ಇವೆ.

ಇದೇ ಗಿಡದ ಬಗ್ಗೆ ಇನ್ನೊಂದು ಸಂಗತಿ ಆ ಮೆಸೇಜಿನಲ್ಲಿ ಇರಲಿಕ್ಕಿಲ್ಲ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ತರಹದ, ಆದರೆ ಮಾಮೂಲಿ ಔಷಧಿಗೆ ಜಗ್ಗದ ನರರೋಗ ಜಾಸ್ತಿ ಕಾಣುತ್ತಿತ್ತು. ಈ ಜಾತಿಯ ಹಣ್ಣು, ಎಲೆಯ ಕಷಾಯಕ್ಕೂ ಅದಕ್ಕೂ ನಂಟಿರಬಹುದು ಅಂತ 1999ರಲ್ಲಿ ವೈದ್ಯರು ವರದಿ ಮಾಡಿದರು. ಗಿಡದಲ್ಲಿರುವ ಅನೊನಾಸಿನ್ ನರಕೋಶಗಳಿಗೆ ವಿಷ ಅಂತ ಆಮೇಲೆ ಪ್ರಯೋಗಗಳು ತೋರಿಸಿದವು. ಕ್ಯಾನ್ಸರ್ ಕೋಶ ಕೊಲ್ಲುವುದಕ್ಕೆ ನರಕೋಶ ಕೊಲ್ಲಲು ಬರುವುದಿಲ್ಲ ಅಂತೇನೂ ಇಲ್ಲವಲ್ಲ.

ಅಣ್ಣನಿಗೆ ಒಂದು ಅಂಕಿ ತೋರಿಸಿ. 2018ರಲ್ಲಿ ಯೇಲ್ ವಿಶ್ವವಿದ್ಯಾಲಯದವರು, ಗುಣವಾಗುವ ಹಂತದಲ್ಲಿದ್ದೂ ಪರ್ಯಾಯ ಚಿಕಿತ್ಸೆಯನ್ನು ಮಾತ್ರ ನೆಚ್ಚಿಕೊಂಡ 281 ಜನರನ್ನು, ಮಾಮೂಲಿ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದರು. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನಲ್ಲಿ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಜಾಸ್ತಿ ಇತ್ತು. ಬೈಯಬೇಡಿ, ವಾದ ಮಾಡಬೇಡಿ. ‘ಕೀಮೋದಲ್ಲಿ ನಿನಗೆ ಯಾವುದು ಭಯ?’ ಅಂತ ಕೇಳಿ. ಹಟದ ಹಿಂದೆ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಭಯ ಇರುತ್ತದೆ. ವಾಂತಿಯದ್ದೋ, ಕೂದಲಿನದ್ದೋ. ಅದಕ್ಕೆ ಡಾಕ್ಟರ ಹತ್ತಿರ ಉತ್ತರ ಇರುತ್ತದೆ.

ಪ್ರಶ್ನೆ: ನಾನು ಎಂಎಸ್‌ಸಿ ವಿದ್ಯಾರ್ಥಿನಿ. ನನ್ನ ಪ್ರಾಜೆಕ್ಟಿನಲ್ಲಿ ಒಂದು ಗಿಡದ ಎಲೆಯ ಸಾರ, ಮಿಲಿಲೀಟರಿಗೆ 250 ಮೈಕ್ರೋಗ್ರಾಂ ಹಾಕಿದಾಗ ಎಚ್‌ಸಿಟಿ-116 ಎಂಬ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಶೇ. 80ರಷ್ಟು ಸತ್ತವು. ಇದು ಔಷಧಿ ಆಗಬಹುದಾ? ಗೈಡ್ ತುಂಬಾ ಖುಷಿಯಾಗಿದ್ದಾರೆ.

ಮಗಳೇ, ನಿನ್ನ ಪತ್ರ ಓದಿ ನಾನೂ 22 ವರ್ಷ ಹಿಂದಕ್ಕೆ ಹೋದೆ. ನನಗೂ ಇದೇ ಶೇ. 80 ಬಂದಿತ್ತು!

ಆಗ ಲ್ಯಾಬಿಗೆ ಸೇರಿ ನಾಲ್ಕೇ ತಿಂಗಳು. ಒಣಗಿಸಿ ಪುಡಿ ಮಾಡಿದ ಎಲೆಯನ್ನು ಆಲ್ಕೋಹಾಲಿನಲ್ಲಿ ನೆನೆಸಿ, ಸೋಸಿ, ಆಲ್ಕೋಹಾಲ್ ಹಾರಿಸಿದರೆ ಫ್ಲಾಸ್ಕಿನ ತಳದಲ್ಲಿ ಕಪ್ಪು ಹಸಿರು ಅಂಟು ಉಳಿಯುತ್ತಿತ್ತು. ಕೈಗೆ ಹತ್ತಿದರೆ ಎರಡು ದಿನ ಹೋಗದು. ಅದನ್ನು ಮತ್ತೆ ಸ್ವಲ್ಪ ಆಲ್ಕೋಹಾಲಿನಲ್ಲಿ ಕರಗಿಸಿ ಕೋಶಗಳಿಗೆ ಹಾಕಿದೆ. ಮಾರನೆಯ ದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಗಳೆಲ್ಲ ತಳ ಬಿಟ್ಟು ಗುಂಡಗಾಗಿ ತೇಲುತ್ತಿವೆ. ಮೂರು ಸಲ ಮಾಡಿದೆ, ಮೂರು ಸಲವೂ ಸತ್ತವು. ಮನೆಯಲ್ಲಿ ಫೋನ್ ಮಾಡಿ ಹೇಳಿಯೂ ಆಯಿತು. ಮೀಟಿಂಗಿನಲ್ಲಿ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: ‘ಬರೀ ಆಲ್ಕೋಹಾಲ್ ಹಾಕಿದ ಬಾವಿ ಎಲ್ಲಿ?’ ನಮ್ಮ 96 ಗುಳಿಗಳ ತಟ್ಟೆಯ ಒಂದೊಂದು ಗುಳಿಗೆ ನಾವು ಬಾವಿ ಅಂತಲೇ ಹೇಳುವುದು. ಆ ಬಾವಿ ನನ್ನ ತಟ್ಟೆಯಲ್ಲಿ ಇರಲಿಲ್ಲ. ಮತ್ತೆ ಮಾಡಿದೆ. ಬರೀ ಆಲ್ಕೋಹಾಲ್ ಹಾಕಿದ ಬಾವಿಯಲ್ಲೂ ಕೋಶಗಳು ಅಷ್ಟೇ ಚೆನ್ನಾಗಿ ಸತ್ತಿದ್ದವು. ಹೆಚ್ಚಿನ ಡೋಸ್ ಕೊಡುವ ಭರದಲ್ಲಿ ಶೇ. 3ರಷ್ಟು ಆಲ್ಕೋಹಾಲ್ ಸುರಿದಿದ್ದೆ. ಅರ್ಧ ಶೇಕಡಾ ದಾಟಬಾರದಿತ್ತು. ಆ ಎಲೆಯದೇನೂ ತಪ್ಪಿರಲಿಲ್ಲ ಪಾಪ.

ಇನ್ನೊಂದು ಬೇಸ್ತು ಇದಕ್ಕೆ ಉಲ್ಟಾ. ಎಂಟಿಟಿ ಪರೀಕ್ಷೆ ನೀನೂ ಮಾಡಿರುತ್ತೀಯ. ಹಳದಿ ಪುಡಿ ಹಾಕಿದರೆ ಜೀವ ಇರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಗಾಢವಾಗಿದ್ದಷ್ಟೂ ಬದುಕಿದ ಕೋಶ ಜಾಸ್ತಿ ಅಂತ ಲೆಕ್ಕ. ಒಮ್ಮೆ ಡೋಸ್ ಏರಿಸಿದಷ್ಟೂ ನೇರಳೆ ಏರುತ್ತಾ ಹೋಯಿತು. ಈ ಸಾರ ಕ್ಯಾನ್ಸರನ್ನು ಬೆಳೆಸುತ್ತಿದೆ ಅಂತ ಹೆದರಿದೆ. ಆಮೇಲೆ ಕೋಶವೇ ಇಲ್ಲದ ಬಾವಿಗೆ ಸಾರ ಮತ್ತು ಹಳದಿ ಪುಡಿ ಮಾತ್ರ ಹಾಕಿ ನೋಡಿದರೆ ಅಲ್ಲೂ ನೇರಳೆ! ಗಿಡದಲ್ಲಿರುವ ಪಾಲಿಫಿನಾಲ್ ಎಂಬ ಪದಾರ್ಥಗಳು ತಾವೇ ಆ ಪುಡಿಯ ಬಣ್ಣ ತಿರುಗಿಸುತ್ತವೆ. ಎರಡು ತಿಂಗಳ ಕೆಲಸ ಡಸ್ಟ್‌ಬಿನ್ ಸೇರಿತು.

ಹಾಗಾಗಿ ಈ ಎರಡು ಬಾವಿ ನಿನ್ನ ತಟ್ಟೆಯಲ್ಲಿ ಇದ್ದಾವಾ ಅಂತ ಮೊದಲು ನೋಡು. ಇದ್ದರೆ ಮುಂದಿನ ಕೆಲಸ, ಕ್ಯಾನ್ಸರ್ ಅಲ್ಲದ ಕರುಳಿನ ಕೋಶಗಳ ಮೇಲೂ ಅದೇ ಡೋಸ್ ಹಾಕಿ ನೋಡುವುದು. ಅವೂ ಸತ್ತರೆ ನಿನ್ನ ಹತ್ತಿರ ಇರುವುದು ವಿಷ, ಔಷಧಿಯಲ್ಲ. ಮತ್ತೆ, 250 ಎನ್ನುವುದು ತುಂಬಾ ಜಾಸ್ತಿ. ಕಚ್ಚಾ ಸಾರ ಮಿಲಿಲೀಟರಿಗೆ 30 ಮೈಕ್ರೋಗ್ರಾಂ ಒಳಗೆ ಅರ್ಧದಷ್ಟು ಕೋಶಗಳ ಬೆಳವಣಿಗೆ ನಿಲ್ಲಿಸಿದರೆ ಮಾತ್ರ ಮುಂದೆ ನೋಡೋಣ ಎನ್ನುವುದು ಈ ಕೆಲಸದಲ್ಲಿ ಹಳೆಯ ಲೆಕ್ಕಾಚಾರ. ಅದೇ ಗಿಡವನ್ನು ಬೇರೆ ತಿಂಗಳಲ್ಲಿ ಕಿತ್ತು ಮತ್ತೆ ಮಾಡು. ಎಲೆಯೊಳಗಿನ ಸಂಯುಕ್ತಗಳು ಋತುವಿಗೆ ತಕ್ಕಂತೆ ಏರಿಳಿಯುತ್ತವೆ. ಮಳೆಗಾಲದ ಫಲಿತಾಂಶ ಬೇಸಿಗೆಯಲ್ಲಿ ಕೈಕೊಟ್ಟ ಉದಾಹರಣೆ ನನ್ನ ನೋಟ್‌ಬುಕ್ಕಿನಲ್ಲೇ ಇದೆ.

ಬೇಜಾರಾಗಬೇಡ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ ಸುಮಾರು ಎರಡು ದಶಕ ಸಾವಿರಾರು ಜಾತಿಯ ಗಿಡಗಳನ್ನು ಹೀಗೇ ಜರಡಿ ಹಿಡಿಯಿತು. ಕೊನೆಗೆ ಕೈಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಅದರಲ್ಲಿ ಒಂದರ ಕಥೆ ಮುಂದಿನ ಉತ್ತರದಲ್ಲಿದೆ, ಓದು.

ಪ್ರಶ್ನೆ: ನಮ್ಮ ಯಜಮಾನರಿಗೆ ಫಾಲ್ಫಿರಿ ಎಂಬ ಕೀಮೋ ಕೊಡುತ್ತಿದ್ದಾರೆ. ಬೇಧಿ ಆಗಿ ಹಣ್ಣಾಗಿದ್ದಾರೆ. ಈ ಕೆಮಿಕಲ್ ಬಿಟ್ಟು ಗಿಡದಿಂದ ಬಂದ ಔಷಧಿ ಯಾವುದಾದರೂ ಇಲ್ಲವೇ?

ಅಮ್ಮಾ, ಅವರಿಗೆ ಇಳಿಯುತ್ತಿರುವ ಡ್ರಿಪ್‌ನಲ್ಲೇ ಗಿಡ ಇದೆ. ಫಾಲ್ಫಿರಿಯ ಕೊನೆಯ ‘ಇರಿ’ ಅಂದರೆ ಇರಿನೊಟೆಕಾನ್. ನಾನು ಹೋದ ಸಲ ಹೇಳಿದ ಮರದ ಔಷಧಿ ಅದೇ.

ಚೀನಾದಲ್ಲಿ ಶೀ ಶು ಎಂಬ ಮರವಿದೆ, ಇಂಗ್ಲಿಷಿನಲ್ಲಿ ಹ್ಯಾಪಿ ಟ್ರೀ. 1966ರಲ್ಲಿ ಮನ್ರೋ ವಾಲ್ ಮತ್ತು ಮನ್‌ಸುಖ್ ವಾನಿ ಅದರಿಂದ ಕ್ಯಾಂಪ್ಟೊಥೆಸಿನ್ ಎಂಬ ಸಂಯುಕ್ತ ಬೇರ್ಪಡಿಸಿದರು. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಆದರೆ ನೀರಿನಲ್ಲಿ ಕರಗದು. ಕರಗಲಿ ಅಂತ ಅದನ್ನು ಸೋಡಿಯಂ ಲವಣ ಮಾಡಿ 1970ರ ಸುಮಾರಿಗೆ ರೋಗಿಗಳಿಗೆ ಕೊಟ್ಟರು. ಗುಣ ಅಷ್ಟಕ್ಕಷ್ಟೇ, ತೊಂದರೆ ಮಾತ್ರ ವಿಪರೀತ. ಮೂತ್ರಕೋಶ ಉರಿದು ಮೂತ್ರದಲ್ಲಿ ರಕ್ತ ಬರತೊಡಗಿತು. ಪರೀಕ್ಷೆಗಳನ್ನೇ ನಿಲ್ಲಿಸಿಬಿಟ್ಟರು. ಮರದಿಂದ ಬಂದ ಶುದ್ಧ ಪದಾರ್ಥ ನೋಡಿ ಅದು!

ಹತ್ತು ವರ್ಷಕ್ಕೂ ಮೇಲೆ ಅದು ಮೂಲೆಯಲ್ಲಿ ಬಿದ್ದಿತ್ತು. 1985ರಲ್ಲಿ ಅದು ಹೇಗೆ ಕೊಲ್ಲುತ್ತದೆ ಅಂತ ಗೊತ್ತಾಯಿತು. ಹುರಿಹಗ್ಗದ ಎರಡು ಎಳೆಯನ್ನು ಒಂದು ಕಡೆಯಿಂದ ಬಿಡಿಸುತ್ತಾ ಹೋಗಿ, ಮುಂದಿನ ಭಾಗ ಬಿಗಿದು ಗಂಟಾಗುತ್ತದೆ. ಕೋಶ ತನ್ನ ಡಿಎನ್ಎ ನಕಲು ಮಾಡುವಾಗಲೂ ಹೀಗೇ. ಆಗ ಟೊಪೊಐಸೊಮರೇಸ್-1 ಎಂಬ ಕಿಣ್ವ ಬಂದು ಒಂದು ಎಳೆ ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಅಂಟಿಸಿ ಹೋಗುತ್ತದೆ. ಕ್ಯಾಂಪ್ಟೊಥೆಸಿನ್ ಆ ಕತ್ತರಿಸಿದ ಜಾಗದಲ್ಲಿ ಹೋಗಿ ಕೂರುತ್ತದೆ, ಅಂಟಿಸಲು ಬಿಡುವುದಿಲ್ಲ. ಬಿಡುವಿಲ್ಲದೆ ನಕಲು ಮಾಡುವ ಕೋಶ ಅಲ್ಲೇ ಹರಿದು ಸಾಯುತ್ತದೆ. ಅಷ್ಟರಲ್ಲಾಗಲೇ ಜಪಾನಿನ ರಸಾಯನಶಾಸ್ತ್ರಜ್ಞರು ಇದೇ ಅಣುವಿಗೆ ಬಾಲ ಜೋಡಿಸಿ, ನೀರಿನಲ್ಲಿ ಕರಗುವ ಇರಿನೊಟೆಕಾನ್ ಮಾಡಿದ್ದರು. ಜಪಾನಿನಲ್ಲಿ 1994ರಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಅಂತಲೇ 1996ರಲ್ಲಿ. ಮರದಿಂದ ರೋಗಿಯ ಹಾಸಿಗೆಯವರೆಗೆ ಲೆಕ್ಕ ಹಾಕಿದರೆ 30 ವರ್ಷ.

ಇನ್ನು ಬೇಧಿಯ ವಿಷಯ. ಇರಿನೊಟೆಕಾನ್ ದೇಹದೊಳಗೆ ಹೋಗಿ ಎಸ್ಎನ್-38 ಎಂಬ ನಿಜವಾದ ಅಸ್ತ್ರವಾಗುತ್ತದೆ. ಕೆಲಸ ಮುಗಿದ ಮೇಲೆ ಲಿವರ್ ಅದಕ್ಕೆ ಒಂದು ಮುಚ್ಚಳ ಹಾಕಿ ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಆ ಮುಚ್ಚಳ ತೆಗೆದುಬಿಡುತ್ತವೆ. ಅಸ್ತ್ರ ಮತ್ತೆ ಹೊರಬಂದು ಕರುಳಿನ ಒಳಪದರವನ್ನು ಸುಡುತ್ತದೆ. ಮುಚ್ಚಳ ಹಾಕುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ. ಅದಕ್ಕೆ ಯುಜಿಟಿ1ಎ1 ಎಂಬ ಜೀನ್ ಪರೀಕ್ಷೆ ಇದೆ. ‘ಇವರಿಗೆ ಮಾಡಿಸಬೇಕಾ?’ ಅಂತ ಡಾಕ್ಟರನ್ನು ಕೇಳಿ. ಡ್ರಿಪ್ ಹಾಕಿದ ದಿನವೇ ಬೆವರು, ಹೊಟ್ಟೆ ನುಲಿತದ ಜೊತೆ ಆಗುವ ಬೇಧಿ ಬೇರೆ, ಒಂದೆರಡು ದಿನ ಕಳೆದು ಶುರುವಾಗುವುದು ಬೇರೆ. ಎರಡಕ್ಕೂ ಔಷಧಿ ಬೇರೆ ಬೇರೆ. ಯಾವ ದಿನ, ಎಷ್ಟು ಸಲ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಜ್ವರ ಬಂದರೆ, ತಲೆ ಸುತ್ತಿದರೆ, ನೀರೂ ನಿಲ್ಲದಿದ್ದರೆ ಮುಂದಿನ ಭೇಟಿಗೆ ಕಾಯಬೇಡಿ, ಆಗಲೇ ಹೊರಡಿ.

ಈ ಬೇಧಿಗೂ ಒಂದು ಗಿಡದ ಪ್ರಯತ್ನ ನಡೆದಿದೆ. ಚೀನಾದ ಸುಮಾರು 1,800 ವರ್ಷ ಹಳೆಯ, ನಾಲ್ಕು ಮೂಲಿಕೆಗಳ ಒಂದು ಯೋಗವನ್ನು ಯೇಲ್‌ನವರು ಇರಿನೊಟೆಕಾನ್ ಜೊತೆ ಇಲಿಗಳಿಗೆ ಕೊಟ್ಟರು. ಕರುಳಿನ ಒಳಪದರ ಬೇಗ ಚೇತರಿಸಿಕೊಂಡಿತು, ಗಡ್ಡೆಯ ಮೇಲೆ ಔಷಧಿಯ ಹಿಡಿತ ಕಡಿಮೆಯಾಗಲಿಲ್ಲ. 2010ರಲ್ಲಿ ಇದು ಪ್ರಕಟವಾಯಿತು. ನನಗೆ ಇಂಥ ಕೆಲಸ ತುಂಬಾ ಇಷ್ಟ. ಗಿಡವೇ ಕ್ಯಾನ್ಸರ್ ಕೊಲ್ಲಬೇಕು ಅಂತ ಹಟ ಏಕೆ? ಕೊಲ್ಲುವ ಔಷಧಿಯನ್ನು ತಡೆದುಕೊಳ್ಳಲು ನೆರವಾದರೂ ದೊಡ್ಡದೇ.

ಪ್ರಶ್ನೆ: ಆಪರೇಷನ್ ಆಗಿ ವರ್ಷವಾಯಿತು. ಕರ್ಕ್ಯುಮಿನ್ ಕ್ಯಾಪ್ಸೂಲ್ ದಿನಾ ತಗೊಂಡರೆ ಕ್ಯಾನ್ಸರ್ ವಾಪಸ್ ಬರಲ್ಲ ಅಂತಾರೆ. ನಿಜವಾ?

ಹಾಗಂತ ಯಾರೂ ತೋರಿಸಿಲ್ಲ. ಅರಿಶಿನದ ಈ ಹಳದಿ ಪದಾರ್ಥಕ್ಕೆ ಲ್ಯಾಬಿನಲ್ಲಿ ಬಹಳ ಮರ್ಯಾದೆ. ಮನುಷ್ಯರಿಗೆ ಬಂದಾಗ ಕಥೆ ಬೇರೆ.

ಒಂದು ಉದಾಹರಣೆ ಸಾಕು. ಎಫ್ಎಪಿ ಅಂತ ವಂಶದಲ್ಲಿ ಬರುವ ಕಾಯಿಲೆ ಇದೆ. ಕರುಳಿನ ತುಂಬಾ ನೂರಾರು ಪಾಲಿಪ್, ಅಂದರೆ ಒಳಗೋಡೆಯ ಸಣ್ಣ ಗಂಟುಗಳು, ಏಳುತ್ತವೆ, ಹಾಗೇ ಬಿಟ್ಟರೆ ಕ್ಯಾನ್ಸರ್ ಖಂಡಿತ. 2006ರಲ್ಲಿ ಇಂಥ ಐವರಿಗೆ ಕರ್ಕ್ಯುಮಿನ್ ಜೊತೆ ಕ್ವೆರ್ಸೆಟಿನ್ ಎಂಬ ಇನ್ನೊಂದು ಗಿಡದ ಪದಾರ್ಥ ಕೊಟ್ಟರು. ಪಾಲಿಪ್‌ಗಳ ಸಂಖ್ಯೆ ಸರಾಸರಿ ಶೇ. 60ರಷ್ಟು ಇಳಿಯಿತು. ಎಲ್ಲರೂ ಕುಣಿದರು, ನಾನೂ ಕುಣಿದೆ. ಆದರೆ ಆ ಐವರ ಜೊತೆ ಹೋಲಿಸಲು ಖಾಲಿ ಮಾತ್ರೆ ತಗೊಂಡ ಗುಂಪು ಇರಲಿಲ್ಲ. ಅದೇ ಸಂಶೋಧಕಿ ತಾವೇ ಮುಂದೆ ನಿಂತು 44 ಜನರ ಮೇಲೆ ಕಟ್ಟುನಿಟ್ಟಾದ ಪರೀಕ್ಷೆ ಮಾಡಿದರು. ಅರ್ಧ ಜನಕ್ಕೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್, ಉಳಿದವರಿಗೆ ಖಾಲಿ ಮಾತ್ರೆ, ಒಂದು ವರ್ಷ. 2018ರಲ್ಲಿ ಫಲಿತಾಂಶ ಬಂತು. ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸ ಇಲ್ಲ. ತನ್ನದೇ ಸಿಹಿಸುದ್ದಿಯನ್ನು ತಾನೇ ಅಳಿಸಲು ಎದೆಗಾರಿಕೆ ಬೇಕು. ನನ್ನ ಪಾಲಿಗೆ ಆ ಎರಡನೇ ಪತ್ರಿಕೆಯೇ ದೊಡ್ಡದು.

ಕೀಮೋ ಜೊತೆಗೆ ಕೊಟ್ಟು ನೋಡಿದ್ದೂ ಇದೆ. 2019ರಲ್ಲಿ ಬ್ರಿಟನ್ನಿನಿಂದ ಬಂದ ವರದಿ, 28 ರೋಗಿಗಳು. ತಡೆದುಕೊಂಡರು ಅನ್ನಬಹುದು, ಗುಣ ಎಷ್ಟು ಅಂತ ತೀರ್ಮಾನಿಸಲು 28 ಸಾಲದು.

ತೊಂದರೆ ಏನೆಂದರೆ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಅದಕ್ಕೇ ಕ್ಯಾಪ್ಸೂಲಿಗೆ ಪಿಪೆರಿನ್ ಬೆರೆಸುತ್ತಾರೆ, ಕರಿಮೆಣಸಿನಲ್ಲಿರುವ ಪದಾರ್ಥ. ಅದು ಔಷಧಿಗಳನ್ನು ಹೊರದಬ್ಬುವ ಕಿಣ್ವಗಳ ಕೈ ಕಟ್ಟುತ್ತದೆ. ಕರ್ಕ್ಯುಮಿನ್ ಉಳಿಯುತ್ತದೆ ಸರಿ, ಜೊತೆಗೆ ನೀವು ತಗೊಳ್ಳುವ ಬೇರೆ ಮಾತ್ರೆಗಳೂ ಲೆಕ್ಕಕ್ಕಿಂತ ಜಾಸ್ತಿ ಉಳಿಯಬಹುದು. ಇಂಥ ಕ್ಯಾಪ್ಸೂಲಿನಿಂದ ಲಿವರ್ ಊದಿಕೊಂಡವರ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಸುಮ್ನೆ ತಗೊಳ್ಳುತ್ತಿರಲಿಲ್ಲ. ಡಾಕ್ಟರು ಹೇಳಿದ ದಿನಕ್ಕೆ ಕೊಲೊನೋಸ್ಕೋಪಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ತಪ್ಪಿಸುತ್ತಿರಲಿಲ್ಲ.

ಪ್ರಶ್ನೆ: ಹಾಗಾದರೆ ಮನುಷ್ಯರಲ್ಲಿ ಗೆದ್ದ ಗಿಡದ ಪದಾರ್ಥ ಇರಿನೊಟೆಕಾನ್ ಬಿಟ್ಟು ಒಂದೂ ಇಲ್ಲವೇ?

ಭರವಸೆ ಹುಟ್ಟಿಸಿದ್ದು ಒಂದಿದೆ, ಬರ್ಬೆರಿನ್. ಮರದರಿಶಿನದಂಥ ಗಿಡಗಳ ಹಳದಿ ಬಣ್ಣ ಇದರದ್ದೇ. ಚೀನಾದಲ್ಲಿ ಪಾಲಿಪ್ ತೆಗೆಸಿಕೊಂಡ ಸಾವಿರಕ್ಕೂ ಹೆಚ್ಚು ಜನರಿಗೆ ಎರಡು ವರ್ಷ ದಿನಕ್ಕೆರಡು ಸಲ 0.3 ಗ್ರಾಂ ಬರ್ಬೆರಿನ್ ಅಥವಾ ಖಾಲಿ ಮಾತ್ರೆ ಕೊಟ್ಟರು. ಖಾಲಿ ಮಾತ್ರೆಯವರಲ್ಲಿ ಶೇ. 47 ಜನಕ್ಕೆ ಪಾಲಿಪ್ ಮತ್ತೆ ಬಂತು, ಬರ್ಬೆರಿನ್‌ನವರಲ್ಲಿ ಶೇ. 36. ಇದು 2020ರ ಫಲಿತಾಂಶ. ಚೆನ್ನಾಗಿದೆ. ಆದರೆ ಇದು ಪಾಲಿಪ್ ತಡೆಯುವ ಮಾತು, ಕ್ಯಾನ್ಸರ್ ಗುಣಪಡಿಸುವ ಮಾತಲ್ಲ. ಬರ್ಬೆರಿನ್ ಕೂಡ ಬೇರೆ ಔಷಧಿಗಳ ಲೆಕ್ಕ ತಪ್ಪಿಸಬಲ್ಲದು. ನೀವೇ ಅಂಗಡಿಯಿಂದ ತಂದು ಶುರು ಮಾಡಬೇಡಿ.

ಪ್ರಶ್ನೆ: ಕೀಮೋ ಜೊತೆ ಒಂದು ಗಿಡಮೂಲಿಕೆ ಮಾತ್ರೆ ತಗೊಳ್ಳುತ್ತಿದ್ದೇನೆ, ಮನಸ್ಸಿನ ಬೇಸರಕ್ಕೆ. ಅದು ಶುರು ಮಾಡಿದ ಮೇಲೆ ಸುಸ್ತು ಕಡಿಮೆ ಆಗಿದೆ. ಡಾಕ್ಟರಿಗೆ ಹೇಳಿದರೆ ಬೈತಾರೆ ಅಂತ ಹೇಳಿಲ್ಲ.

ನೀವು ಕಳಿಸಿದ ಲೇಬಲ್ ಫೋಟೋ ನೋಡಿದೆ, ಸೇಂಟ್ ಜಾನ್ಸ್ ವರ್ಟ್. ದಯವಿಟ್ಟು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

2002ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಇರಿನೊಟೆಕಾನ್ ತಗೊಳ್ಳುತ್ತಿದ್ದ ಐವರು ರೋಗಿಗಳಿಗೆ ಒಂದು ಸಲ ಈ ಮೂಲಿಕೆ ಜೊತೆಗೆ, ಒಂದು ಸಲ ಇಲ್ಲದೆ ಔಷಧಿ ಕೊಟ್ಟು ರಕ್ತ ಪರೀಕ್ಷೆ ಮಾಡಿದರು. ಮೂಲಿಕೆ ಇದ್ದಾಗ ರಕ್ತದಲ್ಲಿ ಎಸ್ಎನ್-38 ಶೇ. 42ರಷ್ಟು ಕಡಿಮೆ. ಮೂಲಿಕೆ ಲಿವರಿನ ಕಿಣ್ವಗಳನ್ನು ಎಬ್ಬಿಸಿ ಔಷಧಿಯನ್ನು ಬೇಗ ಹೊರಗೆ ಹಾಕಿಸಿತ್ತು. ಮೂಲಿಕೆ ತಗೊಂಡ ಸಲ ಬಿಳಿ ರಕ್ತಕಣಗಳು ಅಷ್ಟಾಗಿ ಇಳಿಯಲಿಲ್ಲ. ರೋಗಿಗೆ ‘ಆಹಾ, ಮೈಗೆ ಹಿಡಿಸಿತು’ ಅನ್ನಿಸುತ್ತದೆ. ನಿಮ್ಮ ಸುಸ್ತು ಕಡಿಮೆ ಆಗಿದ್ದೂ ಇದೇ ಕಾರಣಕ್ಕೆ ಇರಬಹುದು. ಔಷಧಿಯೇ ಅರ್ಧ ಇಳಿಯದಿದ್ದರೆ ಸುಸ್ತು ಎಲ್ಲಿಂದ ಬರಬೇಕು?

ಫೋನಿನಲ್ಲಿ ಹೆಸರು ಹೇಳಿ, ಮುಂದಿನ ಸಲ ಬಾಟಲಿಯನ್ನೇ ತಗೊಂಡು ಹೋಗಿ ಮೇಜಿನ ಮೇಲೆ ಇಡಿ. ಮನಸ್ಸಿನ ಬೇಸರದ ಮಾತನ್ನೂ ಅಲ್ಲೇ ಹೇಳಿ. ಕೀಮೋ ಜೊತೆ ಜಗಳ ಆಡದ ಔಷಧಿಗಳು ಅದಕ್ಕೂ ಇವೆ. ಬೈದರೆ ಬೈಸಿಕೊಳ್ಳಿ, ಎರಡು ನಿಮಿಷದ ಮಾತು.

ಪ್ರಶ್ನೆ: ವಯಸ್ಸು 51. ಮೂರು ತಿಂಗಳಿಂದ ಮಲದಲ್ಲಿ ಆಗಾಗ ರಕ್ತ. ಮೂಲವ್ಯಾಧಿ ಇರಬೇಕು ಅಂತ ಒಂದು ಬೇರಿನ ಕಷಾಯ ಕುಡಿಯುತ್ತಿದ್ದೇನೆ. ಮುಂದುವರಿಸಲೇ?

ನಿಮ್ಮ ಪತ್ರದ ಕೆಳಗೆ ಫೋನ್ ನಂಬರ್ ಇತ್ತು. ಅಚ್ಚಾಗುವವರೆಗೆ ಕಾಯುವುದು ಬೇಡ ಅಂತ ಅವತ್ತೇ ಫೋನ್ ಮಾಡಿದೆ. ಮೊದಲು ನಿಮಗೆ ಸಿಟ್ಟು ಬಂತು, ಆಮೇಲೆ ಮಗನ ಕೈಗೆ ಫೋನ್ ಕೊಟ್ಟಿರಿ. ಗುರುವಾರ ಕೊಲೊನೋಸ್ಕೋಪಿ ಅಂತ ಅವನು ತಿಳಿಸಿದ್ದಾನೆ. ಹಿಂದಿನ ದಿನ ಕರುಳು ತೊಳೆಯಲು ಕೊಡುವ ಆ ನೀರು ಬಾಯಿಗೆ ಚೆನ್ನಾಗಿರುವುದಿಲ್ಲ. ತಣ್ಣಗೆ ಮಾಡಿ ಕುಡಿಯಿರಿ, ಪೂರ್ತಿ ಕುಡಿಯಿರಿ.